ಅಟ್ಟದ ಮೇಲಿನ ಅಕ್ಟೋಬರ್

ಕಲಬುರಗಿಯ ಖೂಬಾ ಪ್ಲಾಟಿನ ಬೇವಿನ ಗಿಡದ ಓಣಿಯಲ್ಲಿ ಸಾಯಬಣ್ಣನವರಷ್ಟು ಸಲ ಹಿಂದಕ್ಕೆ ಹೋಗಿಬಂದ ಮನುಷ್ಯ ಇನ್ನೊಬ್ಬರಿಲ್ಲ. ಕೂತ ಜಾಗ ಬಿಟ್ಟು ಏಳದೆಯೇ ಹೋಗಿಬರುತ್ತಿದ್ದರು. ನಂದೂರಿನ ಒಂದು ಬೇಳೆ ಮಿಲ್ಲಿನ ಗೇಟಿನಲ್ಲಿ ಕೂತು ಲಾರಿಗಳಿಗೆ ಪಾಸು ಬರೆಯುವುದು ಅವರ ಕೆಲಸ. ಎದುರಿಗೆ ಲಾರಿ ನಿಂತು ಹಾರ್ನ್ ಹೊಡೆಯುತ್ತಿದ್ದರೂ ಅವರು ಎಷ್ಟೋ ಸಲ ಕಮಲಾಪುರದ ಮನೆಯ ಪಡಸಾಲೆಯಲ್ಲಿ, ಹತ್ತು ವರ್ಷದವರಾಗಿ, ಕೆಂಪು ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿರುತ್ತಿದ್ದರು. ಡ್ರೈವರ್ ಇಳಿದು ಬಂದು ಭುಜ ಅಲ್ಲಾಡಿಸಿದರೆ "ಹಾಂ, ಬಂದೆ, ಬಂದೆ" ಎನ್ನುತ್ತಿದ್ದರು. ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಕಮಲಾಪುರ ಕಲಬುರಗಿಯಿಂದ ಹತ್ತಿರವೇನಲ್ಲ.

ಇಂಥವರ ಕೈಗೆ ಹಿಂದಕ್ಕೆ ಹೋಗುವ ಕಂಪ್ಯೂಟರ್ ಒಂದು ಸಿಕ್ಕಿತು. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

ಕಮಲಾಪುರದ ಮನೆಯ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು, ಹತ್ತೊಂಬತ್ತು ತಲೆ, ಒಂದೇ ಒಲೆ. ಅಪ್ಪ ಕಣ್ಣು ಮುಚ್ಚುವ ಮುಂಚೆ ನಾಲ್ವರ ಕೈಯನ್ನೂ ಒಂದರ ಮೇಲೊಂದು ಇಡಿಸಿ "ಬ್ಯಾರೆ ಆಗಬ್ಯಾಡ್ರಿ" ಎಂದು ಆಣೆ ತೆಗೆದುಕೊಂಡಿದ್ದ. ಅಂದಿನಿಂದ ಆ ಮನೆಯಲ್ಲಿ ಬೇರೆ ಎಂಬ ಶಬ್ದವನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ಬೇರೆ ಅಂಗಿ ಕೊಡು ಎನ್ನುವ ಬದಲು ಇನ್ನೊಂದು ಅಂಗಿ ಕೊಡು ಎನ್ನುತ್ತಿದ್ದರು. ಸಾಯಬಣ್ಣನವರು ಮೂರನೆಯವರು. ಕಲಬುರಗಿಯಲ್ಲಿ ಇಪ್ಪತ್ತೆರಡು ವರ್ಷದಿಂದ ತಮ್ಮದೇ ಅಡುಗೆಮನೆ ಇದ್ದರೂ ಅವರ ಪ್ರಕಾರ ಅದು ಬರೀ ಗ್ಯಾಸು. ಒಲೆ ಕಮಲಾಪುರದಲ್ಲಿದೆ.

ಕಂಪ್ಯೂಟರ್ ಮಿಲ್ಲಿನವರು ಮೂಲೆಗೆ ಹಾಕಿದ್ದ ಹಳೆಯದು. ಅದಕ್ಕೆ ಜೀವ ಕೊಟ್ಟವಳು ಎದುರುಮನೆ ತುಳಜಾಬಾಯಿಯವರ ಮಗಳು ಸುಜಾತಾ, ಪಾಲಿಟೆಕ್ನಿಕ್ಕಿನಲ್ಲಿ ಲೆಕ್ಚರರ್. ಅಕ್ಟೋಬರ್ ಹನ್ನೊಂದು, ಶನಿವಾರ, ಆಕೆ ಬಂದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕತೊಡಗಿದಳು. ಓಣಿಯ ಅರ್ಧ ಜನ ನೋಡಲು ನೆರೆದಿದ್ದರು.

"ಕಾಕಾ, ಡಿಸ್ಕ್ ಒಂದೇ ಅದ. ಮನ್ಯಾಗ ಕೋಣಿ ಇದ್ದಂಗ ಅದರಾಗ ಸಬ್‌ವಾಲ್ಯೂಮ್ ಅಂತ ಖೋಲಿ ಮಾಡಬಹುದು. ಸಿಸ್ಟಂಗ ಒಂದು ಖೋಲಿ, ನಿಮ್ಮ ಬರಹಕ್ಕ, ಫೋಟೋಕ್ಕ ಒಂದು ಖೋಲಿ. ಆಗಾಗ ಸ್ನ್ಯಾಪ್‌ಶಾಟ್, ಅಂದ್ರ ಆ ಹೊತ್ತಿನ ಪಡಿಯಚ್ಚು, ತಗದಿಟ್ಟರ, ನಾಳೆ ಸಿಸ್ಟಂ ಕೆಟ್ಟರೂ ಅದರ ಖೋಲಿ ಅಷ್ಟೇ ಹಿಂದಿನ ದಿವಸಕ್ಕ ಒಯ್ಯಬಹುದು. ಬರಹದ ಖೋಲಿಗಿ ಏನೂ ಆಗಂಗಿಲ್ಲ."

ಸಾಯಬಣ್ಣನವರ ಮುಖ ಬಿಗಿದುಕೊಂಡಿತು. "ಪಾಲು ಮಾಡೂದಾ?"

"ಹೌದ್ರಿ."

"ಆಗಂಗಿಲ್ಲವಾ. ನಮ್ಮ ಮನಿತನದಾಗ ಆ ಪದ್ಧತಿ ಇಲ್ಲ. ಎಲ್ಲಾ ಒಂದೇ ಕಡಿ ಇರಲಿ."

"ಕಾಕಾ, ಇದು ಕಂಪ್ಯೂಟರ್."

"ಇರಲೇಳು. ನಮ್ಮ ಮನಿಗಿ ಬಂದ ಮ್ಯಾಲ ಅದಕ್ಕೂ ನಮ್ಮ ಮನಿ ರೀತಿನೇ."

ಸುಜಾತಾ ಅರ್ಧ ಗಂಟೆ ವಾದಿಸಿದಳು. ನಂತರ ಸಾಕಾಗಿ, ಎಲ್ಲವನ್ನೂ ಒಂದೇ ಖೋಲಿಯಲ್ಲಿ ತುಂಬಿದಳು. "ಸ್ನ್ಯಾಪ್‌ಶಾಟ್ ಇಡಾಕರ ಒಂದು ಖೋಲಿ ಬೇಕೇ ಬೇಕ್ರಿ" ಎಂದಾಗ ಸಾಯಬಣ್ಣನವರು ಸ್ವಲ್ಪ ಯೋಚಿಸಿ, "ಅದಕ್ಕ ಅಟ್ಟ ಅನ್ನು. ಅಟ್ಟಕ್ಕ ತಕರಾರಿಲ್ಲ" ಎಂದು ಒಪ್ಪಿದರು. ಕಮಲಾಪುರದ ಅಟ್ಟದ ಮೇಲೆ ಮುರಿದ ಕುಂಟೆ, ತಳ ಹೋದ ಹಂಡೆ, ಅಜ್ಜನ ಒಂದು ಕಾಲಿನ ಚಪ್ಪಲಿ ಇನ್ನೂ ಇದ್ದವು. ಏನನ್ನೂ ಬಿಸಾಡದಿರುವುದು ಆ ಮನೆಯ ಎರಡನೆಯ ನಿಯಮ.

"ಹಿಂದಕ್ಕ ಹೋಗೂದಿದ್ರ ಮೊದಲ ನನ್ನ ಕೇಳ್ರಿ, ಕಾಕಾ. ಎಲ್ಲಾ ಒಂದೇ ಕಡಿ ಅದ, ಎಲ್ಲಾನೂ ಹಿಂದಕ್ಕ ಹೋಗ್ತದ" ಎಂದು ಸುಜಾತಾ ಮೂರು ಸಲ ಹೇಳಿದಳು. ಸಾಯಬಣ್ಣನವರು ಮೂರು ಸಲವೂ ತಲೆಯಾಡಿಸಿದರು. ಅಷ್ಟೊತ್ತಿಗೆ ಅವರು ಅಟ್ಟದ ನೆಪದಲ್ಲಿ ಕಮಲಾಪುರಕ್ಕೆ ಹೋಗಿ ಅಜ್ಜನ ಇನ್ನೊಂದು ಚಪ್ಪಲಿ ಹುಡುಕುತ್ತಿದ್ದರು.

ಆ ಸಂಜೆ ಯಂತ್ರದ ಮುಂದೆ ಮೊದಲು ಕೂತವರು ಅವರ ಹೆಂಡತಿ ಜಯದೇವಿ. ನಲವತ್ತೆಂಟು ವರ್ಷದ ಜಯದೇವಿ ದೂರಶಿಕ್ಷಣದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದರು. ಇದು ಅವರ ಮೂರನೆಯ ಪ್ರಯತ್ನ. ಮೊದಲನೆಯದು ಮದುವೆಯಲ್ಲಿ ಮುಗಿದಿತ್ತು, ಎರಡನೆಯದು ಕಮಲಾಪುರದ ಹತ್ತೊಂಬತ್ತು ಜನರ ರೊಟ್ಟಿಯಲ್ಲಿ. "ಈ ಸಲ ತಪ್ಪಿದ್ರ ನಾ ಮತ್ತ ಪುಸ್ತಕ ಮುಟ್ಟಂಗಿಲ್ಲ" ಎಂದು ಹೇಳಿಯೂ ಇಟ್ಟಿದ್ದರು. ಉಳಿದಿದ್ದು ಒಂದು ಕಿರುಪ್ರಬಂಧ. ಅವರು ಒಂದೇ ಬೆರಳಿನಿಂದ ಅದರ ಹೆಸರನ್ನು ಒತ್ತಿದರು: "ಕಮಲಾಪುರದ ಕೆಂಪು ಬಾಳೆ: ಬೆಳೆ ಮತ್ತು ಬದುಕು."

ಸಾಯಬಣ್ಣನವರು ಓದಿ ಗಟ್ಟಿಯಾಗಿ ನಕ್ಕರು. "ಬಾಳಿಹಣ್ಣಿನ ಮ್ಯಾಲ ಡಿಗ್ರೀ? ಸುಲದು ತಿಂದ್ರ ಮುಗೀತಲ್ಲ!" ನೆರೆದವರೂ ನಕ್ಕರು. ಜಯದೇವಿ ನಗಲಿಲ್ಲ. ಇದು ಸಾಯಬಣ್ಣನವರ ಗಮನಕ್ಕೆ ಬರಲಿಲ್ಲ, ಏಕೆಂದರೆ ಅವರು ಆಗ ತಮ್ಮ ಜೀವನದ ಮೊದಲ ಸ್ನ್ಯಾಪ್‌ಶಾಟ್ ತೆಗೆಯುತ್ತಿದ್ದರು. ಅದಕ್ಕೆ "ಶುಭದಿನ" ಎಂದು ಹೆಸರಿಟ್ಟರು.

ಮೂರು ವಾರ ಕಳೆಯಿತು. ನಡುವೆ ದೀಪಾವಳಿ ಬಂದುಹೋಯಿತು. ದಿನಾ ಮಧ್ಯಾಹ್ನ, ಬೇವಿನ ನೆರಳು ಕಿಟಕಿಯಿಂದ ಒಳಗೆ ಬಂದು ನೆಲದ ಮೇಲೆ ಅಡ್ಡಾಗುವ ಹೊತ್ತಿಗೆ, ಜಯದೇವಿಯವರ ಒಂದು ಬೆರಳು ಟಕ್ ಟಕ್ ಎನ್ನುತ್ತಿತ್ತು. ನಲವತ್ತೆರಡು ಪುಟ ಆಯಿತು. ಸೋಮವಾರ ಸಂಜೆ ಐದರೊಳಗೆ ಕೊಡಬೇಕು. ಶುಕ್ರವಾರ ಜಯದೇವಿ ಬಾಳೆತೋಟದ ಫೋಟೋ ತೆಗೆಯಲು ಕಮಲಾಪುರಕ್ಕೆ ಹೊರಟರು. "ರವಿವಾರ ಸಂಜಿಗಿ ಬರ್ತೀನ್ರಿ. ಕಂಪ್ಯೂಟರ್ ಮುಟ್ಟಬ್ಯಾಡ್ರಿ" ಎಂದರು.

ಶನಿವಾರ ನವೆಂಬರ್ ಒಂದು, ರಾಜ್ಯೋತ್ಸವ. ಮಿಲ್ಲಿಗೆ ಸೂಟಿ. ಸಾಯಬಣ್ಣನವರಿಗೆ ಕಂಪ್ಯೂಟರಿನ ಪರದೆಯನ್ನು ಕೆಂಪು-ಹಳದಿ ಮಾಡಿದರೆ ಹೇಗೆ ಎಂಬ ಭಕ್ತಿ ಮೂಡಿತು. ಮೊಬೈಲಿನಲ್ಲಿ ಯಾರೋ ಮಹಾನುಭಾವ ಬರೆದಿದ್ದ ಹನ್ನೊಂದು ಸಾಲುಗಳನ್ನು ನೋಡಿ ನೋಡಿ ಬರೆದರು. ಏಳನೆಯದನ್ನು ಎರಡು ಸಲ ಬರೆದರು, ಎಂಟನೆಯದನ್ನು ಬಿಟ್ಟರು. ಯಂತ್ರ ಒಮ್ಮೆ ಆರಿ ಹೊತ್ತಿಕೊಂಡಿತು. ಪರದೆ ಕಪ್ಪಗೆ, ಮೂಲೆಯಲ್ಲೊಂದು ಬಿಳಿ ಗೆರೆ ಮಿಣುಕುತ್ತ ನಿಂತಿತು.

ಬೇರೆಯವರಾಗಿದ್ದರೆ ಹೆದರುತ್ತಿದ್ದರು. ಸಾಯಬಣ್ಣನವರು ಮುಗುಳ್ನಕ್ಕರು. ಈ ಗಳಿಗೆಗಾಗಿಯೇ ಅವರು ಮೂರು ವಾರ ಕಾದಿದ್ದರು. ಯಂತ್ರವನ್ನು ಮತ್ತೆ ಎಬ್ಬಿಸಿ, ಸುಜಾತಾ ಚೀಟಿಯಲ್ಲಿ ಬರೆದುಕೊಟ್ಟಿದ್ದ ದಾರಿ ಹಿಡಿದು, "ಶುಭದಿನ"ದ ಮೇಲೆ ಒತ್ತಿದರು. ಹಿಂದಕ್ಕೆ ಹೋಗುವ ಮೊದಲು ಈಗಿನದನ್ನು ಉಳಿಸಿಡಲೇ ಎಂದು ಯಂತ್ರ ಕೇಳಿತು. ಕೆಟ್ಟಿದ್ದನ್ನೂ ಬಿಸಾಡದ ಮನೆತನ. ಹೂಂ ಎಂದು ಒತ್ತಿದರು, ಒತ್ತಿ ಮರೆತರು. ಎರಡು ನಿಮಿಷದಲ್ಲಿ ಪರದೆ ಮೊದಲಿನಂತೆ ಬೆಳಗಿತು.

ಅವರು ಬಾಗಿಲಿಗೆ ಬಂದು ಓಣಿಗೆ ಕೇಳುವಂತೆ ಕೂಗಿದರು. "ಬರ್ರಿ, ಎಲ್ಲಾರೂ ಬರ್ರಿ! ನಾ ಅಕ್ಟೋಬರ್ ಹನ್ನೊಂದಕ್ಕ ಹೋಗಿ ಬಂದೀನಿ!"

ಮೊದಲು ಬಂದವರು ಪಕ್ಕದ ಮನೆಯ ನಬಿಸಾಬ್, ವಾಡಿ ಜಂಕ್ಷನ್ನಿನಲ್ಲಿ ರೈಲುಗಳಿಗೆ ಹಳಿ ತಿರುಗಿಸಿ ನಿವೃತ್ತರಾದವರು. ಹಿಂದೆಯೇ ಮೂಲೆಮನೆಯ ಬಂಡೆಮ್ಮ, ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದರು. ಸಾಯಬಣ್ಣನವರು ಕಪ್ಪು ಪರದೆಯಿಂದ ಶುಭದಿನದವರೆಗಿನ ಪ್ರಯಾಣವನ್ನು ಬಣ್ಣಿಸಿದರು. "ಹ್ಯಾಂಗ ಇದ್ದಿದ್ದು ಹಂಗ ಅದ ನೋಡ್ರಿ! ನಮ್ಮ ಜಯದೇವಿ ಬರದಿದ್ದು ತೋರಸ್ತೀನಿ" ಎಂದು ಪ್ರಬಂಧ ತೆರೆದರು.

ಪರದೆಯ ಮೇಲೆ ಹೆಸರು ಬಂತು. ಕಮಲಾಪುರದ ಕೆಂಪು ಬಾಳೆ: ಬೆಳೆ ಮತ್ತು ಬದುಕು. ಅದರ ಕೆಳಗೆ ಬೆಳ್ಳಗೆ ಬಯಲು. ಸಾಯಬಣ್ಣನವರು ಕೆಳಕ್ಕೆ ಸರಿಸಿದರು. ಸರಿಸಲು ಕೆಳಗೆ ಏನೂ ಇರಲಿಲ್ಲ.

"ಸಣ್ಣ ಪ್ರಬಂಧ ಅದ" ಎಂದರು ಬಂಡೆಮ್ಮ.

ಸಾಯಬಣ್ಣನವರು ಇನ್ನೊಮ್ಮೆ ಮುಚ್ಚಿ ತೆರೆದರು. ಎಲ್ಲವೂ ಒಂದೇ ಖೋಲಿಯಲ್ಲಿ ಇದ್ದದ್ದರಿಂದ, ಸಿಸ್ಟಂ ಜೊತೆ ಜಯದೇವಿಯವರ ಬರಹವೂ ಮೂರು ವಾರ ಹಿಂದಕ್ಕೆ ಹೋಗಿತ್ತು. ಹೋಗಿ, ತಾವು ನಕ್ಕ ಗಳಿಗೆಗೆ ಸರಿಯಾಗಿ ನಿಂತಿತ್ತು.

ಸುಜಾತಾಳಿಗೆ ಫೋನು ಹಚ್ಚಿದರು. ಆಕೆ ಮರುದಿನದ ಪರೀಕ್ಷೆಯ ತಯಾರಿಗೆ ಬೀದರಿನಲ್ಲಿ ಡ್ಯೂಟಿ ಮೇಲೆ ಇದ್ದಳು, ಫೋನು ಬಂದ್. ಆಗ ನಬಿಸಾಬ್ ಗಡ್ಡ ನೀವುತ್ತ, ರೈಲ್ವೆಯಲ್ಲಿ ಮೂವತ್ತೆಂಟು ವರ್ಷ ಕಳೆದವರ ಗಾಂಭೀರ್ಯದಿಂದ ಕೇಳಿದರು. "ಸಾಯಬಣ್ಣಾ, ಒಂದು ಮಾತು ಹೇಳ್ರಿ. ಗಾಡಿ ವಾಡಿಯಿಂದ ಹಿಂದಕ್ಕ ಶಹಾಬಾದಕ್ಕ ಹೋತು ಅಂದ್ರ, ವಾಡಿ ಸ್ಟೇಶನ್ ಎಲ್ಲಿಗಿ ಹೋಗ್ತದ?"

"ಎಲ್ಲಿಗೂ ಹೋಗಂಗಿಲ್ಲ, ಚಾಚಾ."

"ಬರೋಬ್ಬರಿ. ಗಾಡಿ ಮತ್ತ ನಡಕೋತ ಬಂದ್ರ ವಾಡಿ ಬರ್ತದ. ಕಂಪ್ಯೂಟರ್ ಹನ್ನೊಂದಕ್ಕ ಅದ. ಮೂರು ವಾರ ನಡೀಲಿ. ನಲವತ್ತೆರಡು ಪೇಜ್ ತಾವೇ ಬರ್ತಾವ."

ಸಾಯಬಣ್ಣನವರ ಕಣ್ಣಲ್ಲಿ ನೀರು ಬಂತು. ಇಷ್ಟು ಸ್ಪಷ್ಟವಾಗಿ ಈ ವಿದ್ಯೆಯನ್ನು ಅವರಿಗೆ ಯಾರೂ ತಿಳಿಸಿ ಹೇಳಿರಲಿಲ್ಲ. ಪುಟಗಳು ಕಳೆದಿಲ್ಲ, ಮುಂದೆ ಇವೆ! ಬೇಕಾದದ್ದು ಮೂರು ವಾರದ ಸಮಯ ಮಾತ್ರ. ಯಂತ್ರಕ್ಕೆ ದಾರಿ ತಪ್ಪಬಾರದೆಂದು ಅವರು ಗೋಡೆಯ ಕ್ಯಾಲೆಂಡರನ್ನು ನವೆಂಬರಿನಿಂದ ಮತ್ತೆ ಅಕ್ಟೋಬರಿಗೆ ತಿರುಗಿಸಿ, ಹನ್ನೊಂದರ ಸುತ್ತ ಒಂದು ದುಂಡು ಎಳೆದರು.

ಬಂಡೆಮ್ಮ ಆ ದುಂಡನ್ನು ಬಹಳ ಹೊತ್ತು ನೋಡಿದರು. "ಅಂದ್ರ ತಮ್ಮಾ, ದೀಪಾವಳಿ ಇನ್ನಾ ಬಂದಿಲ್ಲ?"

"ಈ ಲೆಕ್ಕದಾಗ ಇಲ್ಲ, ಯಕ್ಕಾ."

ಬಂಡೆಮ್ಮ ಸೆರಗು ಬಿಗಿದುಕೊಂಡು ಹೊರಟೇಬಿಟ್ಟರು. ಅವರ ಒಬ್ಬಳೇ ಮಗಳು ದೀಪಾವಳಿಗೆ ಸೊಲ್ಲಾಪುರದಿಂದ ಬಂದು, ಎಂಟು ದಿನ ಇದ್ದು, ಮನೆ ತುಂಬ ನಕ್ಕು ಹೋಗಿದ್ದಳು. ಐದು ನಿಮಿಷದಲ್ಲಿ ಅವರ ದನಿ ಓಣಿಗೆಲ್ಲ ಕೇಳಿತು. "ದೀಪಾವಳಿಗಿ ಯಾವಾಗ ಬರ್ತಿ?... ಬಂದು ಹೋಗಿದ್ದು ಅಲ್ಲವಾ, ಆ ದೀಪಾವಳಿ ಆಗೇ ಇಲ್ಲ!... ನನಗೇನೂ ಆಗಿಲ್ಲ, ಆರಾಮ ಅದೀನಿ, ಬೇಕಾದ್ರ ಸಾಯಬಣ್ಣನ ಕೇಳು, ಅವನ ಗ್ವಾಡಿ ಮ್ಯಾಲೇ ಅದ!"

ನಬಿಸಾಬ್ ತಡಮಾಡಿ ಎದ್ದರು. ದೀಪಾವಳಿಯ ಪಟಾಕಿ ಸದ್ದಿಗೆ ಅವರ ಗಿಣಿ ಪಂಜರದಿಂದ ಹಾರಿಹೋಗಿತ್ತು. ಹನ್ನೊಂದನೇ ತಾರೀಖಿಗೆ ಅದು ಇತ್ತು. ಅವರು ಮನೆಗೆ ಹೋಗಿ ಖಾಲಿ ಪಂಜರವನ್ನು ಬೇವಿನ ಗಿಡಕ್ಕೆ ನೇತುಹಾಕಿ, ಬಾಗಿಲು ತೆರೆದು, ಒಂದು ಹಸಿಮೆಣಸಿನಕಾಯಿ ಸಿಕ್ಕಿಸಿದರು. ಆ ಮಧ್ಯಾಹ್ನ ಓಣಿಯ ಬಿಸಿಲು ನಿಜವಾಗಿಯೂ ಮೂರು ವಾರ ಹಳೆಯದರಂತೆ ಮೆತ್ತಗಿತ್ತು. ಹೋಗಿಬರುವವರು ಪಂಜರದ ಕೆಳಗೆ ಮೆಲ್ಲಗೆ ನಡೆಯುತ್ತಿದ್ದರು.

ಸಾಯಬಣ್ಣನವರಿಗೆ ಮಾತ್ರ ಮೆತ್ತಗೆ ಕೂರುವ ಯೋಗವಿರಲಿಲ್ಲ. ಯಂತ್ರ ಅಕ್ಟೋಬರಿನಲ್ಲಿದ್ದರೂ ಪ್ರಬಂಧ ತೆಗೆದುಕೊಳ್ಳುವ ಅಧ್ಯಯನ ಕೇಂದ್ರ ನವೆಂಬರಿನಲ್ಲಿತ್ತು. ಕೇಂದ್ರದ ಸಂಯೋಜಕರು ಅರುಣಕುಮಾರ ಎಂಬವರು. ಧ್ವಜಾರೋಹಣ ಮುಗಿಸಿ, ಹೆಗಲ ಮೇಲೆ ಕೆಂಪು-ಹಳದಿ ಶಾಲು ಹೊದ್ದು, ಸ್ಟೇಶನ್ ಬಜಾರದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಸಾಯಬಣ್ಣನವರು ಅವರನ್ನು ಹಿಡಿದರು.

"ಸರ್, ನಮ್ಮ ಮನಿಯವರ ಪ್ರಬಂಧಕ್ಕ ಮೂರು ವಾರ ಟೈಮ್ ಕೊಡಬೇಕ್ರಿ."

"ಯಾಕ್ರೀ, ಅವರಿಗೆ ಆರಾಮಿಲ್ಲೇನು?"

"ಅವರು ಆರಾಮ ಅದಾರ್ರಿ. ಪ್ರಬಂಧನೂ ಆರಾಮ ಅದ. ಬರದು ಮುಗಿಸ್ಯಾರ. ಬರೇ ಅದು ಇನ್ನಾ ಬಂದಿಲ್ರಿ. ಕಂಪ್ಯೂಟರ್ ಹನ್ನೊಂದನೇ ತಾರೀಖಿನ್ಯಾಗ ಅದ, ನಡಕೋತ ಬರಬೇಕಲ್ರಿ."

ಅರುಣಕುಮಾರ ಚಹಾದ ಬಸಿಯನ್ನು ತುಟಿಯ ಹತ್ತಿರ ತಂದವರು ಹಾಗೇ ಹಿಡಿದು ಕೂತರು. ಅವರು ಇಪ್ಪತ್ತು ವರ್ಷ ವಿದ್ಯಾರ್ಥಿಗಳ ನೆಪಗಳನ್ನು ಕೇಳಿದ್ದರು; ಅಜ್ಜಿಯರನ್ನು ನಾಲ್ಕು ನಾಲ್ಕು ಸಲ ತೀರಿಸಿದವರನ್ನು ಕಂಡಿದ್ದರು. ಇದು ಹೊಸದು.

"ನೋಡ್ರಿ ಸಾಹೇಬ್ರ, ನಮ್ಮ ಫಾರ್ಮಿನ್ಯಾಗ ಮೂರೇ ಕಾಲಂ ಅವ. ಅನಾರೋಗ್ಯ, ಹೆರಿಗೆ, ಕುಟುಂಬದಾಗ ಸಾವು. ನಿಮ್ಮದು ಯಾವ ಕಾಲಮಿನ್ಯಾಗ ಬರ್ತದ?"

ಸಾಯಬಣ್ಣನವರು ಪ್ರಾಮಾಣಿಕವಾಗಿ ಯೋಚಿಸಿದರು. "ಹೆರಿಗಿಗಿ ಸನೀಪ ಅದ ಅನಸ್ತದ್ರಿ. ಒಳಗ ಅದ, ಹೊರಗ ಬಂದಿಲ್ಲ."

ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಅರುಣಕುಮಾರ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಶಾಲು ಸರಿಮಾಡಿಕೊಂಡರು. "ಸೋಮವಾರ ಸಂಜಿ ಐದು ಗಂಟೆ. ಐದು ಹೊಡದು ಒಂದು ನಿಮಿಷ ಆದ್ರ ಮುಂದಿನ ವರ್ಷ."

ಮುಂದಿನ ವರ್ಷ. ಸಾಯಬಣ್ಣನವರು ಸ್ಟೇಶನ್ನಿನ ಎದುರು ಆಟೋಗಳ ನಡುವೆ ನಿಂತರು. ಜಯದೇವಿ ಪುಸ್ತಕಗಳನ್ನು ಟ್ರಂಕಿನೊಳಗೆ ಇಟ್ಟು ಮುಚ್ಚುವುದು ಅವರ ಕಣ್ಣಿಗೆ ಕಟ್ಟಿತು; ಎರಡು ಸಲ ಹಾಗೆ ಮುಚ್ಚಿದ್ದನ್ನು ಅವರು ನೋಡಿದ್ದರು. ಎರಡೂ ಸಲ ಅವರು ಏನೂ ಅಂದಿರಲಿಲ್ಲ. ಅಂದು ಮೊದಲ ಬಾರಿಗೆ ಆ ಟ್ರಂಕಿನ ಸದ್ದು ಅವರಿಗೆ ಕೇಳಿಸಿತು.

ಉಳಿದದ್ದು ಒಂದೇ ದಾರಿ: ಪುಟಗಳು ಬರುವವರೆಗೆ ಜಯದೇವಿ ಬರಬಾರದು. ಭಾನುವಾರ ಬೆಳಿಗ್ಗೆ ಕಮಲಾಪುರಕ್ಕೆ ಫೋನು ಮಾಡಿದರು.

"ಜಯಾ, ಅಲ್ಲೇ ಇರು. ಆರಾಮ ಮಾಡು. ಒಂದು ಮೂರು ವಾರ."

"ನಾಳಿ ಪ್ರಬಂಧ ಕೊಡಬೇಕಲ್ರಿ?" ಎಂದರು ಜಯದೇವಿ.

"ಅದು ಬರಾಕತ್ತದ. ದಾರ‍್ಯಾಗ ಅದ."

ಫೋನು ಕೈ ಬದಲಾಯಿತು. ದೊಡ್ಡಣ್ಣನ ದನಿ, ಹತ್ತೊಂಬತ್ತು ಜನರನ್ನು ಅಂಕೆಯಲ್ಲಿಟ್ಟ ದನಿ, ಕಿವಿಗೆ ಅಪ್ಪಳಿಸಿತು. "ಸಾಯಬಾ! ಹೆಂಡತಿನ್ನ ಇಲ್ಲೇ ಬಿಡಾಕತ್ತಿಯೇನು? ಏನು ನಡಸೀದಿ? ಬ್ಯಾರೆ ಆಗಾಕತ್ತೀಯಾ?"

ಆ ಶಬ್ದ ಮನೆಯಲ್ಲಿ ಎಷ್ಟೋ ವರ್ಷಗಳ ನಂತರ ಕೇಳಿಬಂದದ್ದರಿಂದ ಆ ಕಡೆ ನಾಲ್ಕಾರು ಪಾತ್ರೆ ಬಿದ್ದವು. ಸಾಯಬಣ್ಣನವರು ಅಳುವ ದನಿಯಲ್ಲಿ ಕೂಗಿದರು. "ಅಣ್ಣಾ, ಬ್ಯಾರೆ ಮಾಡಲಿಲ್ಲ ಅಂತನೇ ಹಿಂಗಾಗ್ಯದ!"

ದೊಡ್ಡಣ್ಣನಿಗೆ ಇದರ ಅರ್ಥವಾಗಲಿಲ್ಲ. ಆದರೆ ತಮ್ಮನ ಮನಸ್ಸು ನೆಟ್ಟಗಿಲ್ಲ ಎಂಬುದು ಖಾತ್ರಿಯಾಯಿತು. "ಜಯದೇವಿನ್ನ ಈಗಿಂದೀಗ ಕಳಸ್ತೀನಿ" ಎಂದು ಫೋನಿಟ್ಟ.

ಸಂಜೆ ನಾಲ್ಕಕ್ಕೆ ಸುಜಾತಾ ಬೀದರಿನ ಬಸ್ಸಿಳಿದು ಓಣಿಗೆ ಬಂದಾಗ ಬಂಡೆಮ್ಮ ಕಟ್ಟೆಯ ಮೇಲೆ ಹಣತೆ ಸಾಲಾಗಿ ಇಟ್ಟು ಎಣ್ಣೆ ಹಾಕುತ್ತಿದ್ದರು. ಮಗಳು ನಂಬುತ್ತಿಲ್ಲ, ವೀಡಿಯೊ ಕಾಲ್‌ನಲ್ಲಿ ತೋರಿಸಬೇಕು ಎಂದರು. ಅವರು ಹಚ್ಚುತ್ತಾರೆಂದು ಎದುರಿನವರೂ ಹಣತೆ ತೆಗೆದಿದ್ದರು. ಸುಜಾತಾ ಪಂಜರವನ್ನು, ಹಣತೆಗಳನ್ನು, ಸಾಯಬಣ್ಣನವರ ಮುಖವನ್ನು ನೋಡಿ, ಚೀಲ ಕೆಳಗಿಟ್ಟಳು. "ಕಾಕಾ, ಹಿಂದಕ್ಕ ಹೋದ್ರಿ?"

"ಹೋದ್ನಿ."

"ಹೋಗೂ ಮೊದಲ ಈಗಿಂದು ಉಳಸಲೇನು ಅಂತ ಕೇಳಿತ್ತಲ್ಲ, ಏನಂದ್ರಿ?"

ಸಾಯಬಣ್ಣನವರು ಬಹಳ ಹೊತ್ತು ನೆನಪು ಮಾಡಿಕೊಂಡರು. "ಹೂಂ ಅಂದ್ನಿ. ನಾವು ಏನೂ ಒಗಿಯಂಗಿಲ್ಲಲ್ಲ."

ಸುಜಾತಾ ಜೋರಾಗಿ ಉಸಿರುಬಿಟ್ಟು ಯಂತ್ರದ ಮುಂದೆ ಕೂತಳು. ಅಟ್ಟದ ಖೋಲಿ ತೆರೆದಳು. ಅಲ್ಲಿ "ಶುಭದಿನ"ದ ಪಕ್ಕದಲ್ಲಿ ನವೆಂಬರ್ ಒಂದರ ಕೆಟ್ಟ ದಿನವೂ ಧೂಳು ಹಿಡಿಯದೆ ಕೂತಿತ್ತು. ಕಪ್ಪು ಪರದೆ, ತಪ್ಪು ಸಾಲುಗಳು, ಜೊತೆಗೆ ನಲವತ್ತೆರಡು ಪುಟ. "ಮೂರು ವಾರ ಕುಂತಿದ್ರೂ ಇವು ನಡಕೋತ ಬರ್ತಿರಲಿಲ್ಲ, ಕಾಕಾ. ಇಲ್ಲಿಂದ ಇಳಸಬೇಕು ಅಷ್ಟೇ" ಎಂದು ಪ್ರಬಂಧವನ್ನು ಈಚೆಗೆ ತೆಗೆದಳು. ಬಾಗಿಲಲ್ಲಿ ನಿಂತಿದ್ದ ನಬಿಸಾಬ್ ಕೆಮ್ಮಿದರು. ರೈಲ್ವೆಯಲ್ಲೂ ಒಮ್ಮೊಮ್ಮೆ ಡಬ್ಬಿಯನ್ನು ಹಿಂದಿನ ಸ್ಟೇಶನ್ನಿನಲ್ಲಿ ಬಿಡುವುದುಂಟು ಎಂದರು.

ಸಾಯಬಣ್ಣನವರು ಪರದೆಯ ಮೇಲೆ ಪುಟಗಳನ್ನು ಎಣಿಸುತ್ತ ಕೆಳಕ್ಕೆ ಸರಿಸಿದರು. ನಲವತ್ತೆರಡನೆಯದು ಕೃತಜ್ಞತೆ. ತೋಟದವರಿಗೆ, ಕಮಲಾಪುರದ ನೆಗೆಣ್ಣಿಯರಿಗೆ, ಸುಜಾತಾಳಿಗೆ, ಕೊನೆಗೆ ಎರಡು ಸಾಲು:

"ಅಕ್ಟೋಬರ್ ಹನ್ನೊಂದರಂದು ಈ ಹೆಸರು ಓದಿ ನಕ್ಕ ನಮ್ಮ ಯಜಮಾನರಿಗೆ. ಅವರು ನಗದಿದ್ದರೆ ನಾನು ಹೆಸರು ಬರೆದಷ್ಟಕ್ಕೇ ಬಿಡುತ್ತಿದ್ದೆ."

ಅವರು ಅದನ್ನು ಎರಡು ಸಲ ಓದಿದರು. ಓದಿ ಸಣ್ಣ ದನಿಯಲ್ಲಿ ಕೇಳಿದರು. "ಸುಜಾತಾ, ಹನ್ನೊಂದರ ಹಿಂದಿನ ದಿವಸ ಇಲ್ಲೇನವಾ ಅಟ್ಟದಾಗ?"

"ಇಲ್ರಿ ಕಾಕಾ. ತಗದಿಡದ ದಿವಸಕ್ಕ ಹೋಗಾಕ ಬರಂಗಿಲ್ಲ."

ಹೊರಗೆ ಒಂದೊಂದೇ ಹಣತೆ ಹೊತ್ತುತ್ತಿತ್ತು. ಸಾಯಬಣ್ಣನವರು ಅದನ್ನು ನೋಡುತ್ತ ಕೂತರು. ಅವರು ಹಿಂದಕ್ಕೆ ಹೋದಾಗಲೆಲ್ಲ ಕಮಲಾಪುರದ ಪಡಸಾಲೆಗೇ ಹೋಗುತ್ತಿದ್ದರು, ಹಣ್ಣು ತಿಂದು ಬರುತ್ತಿದ್ದರು. ಆ ಪಡಸಾಲೆಯ ಒಳಗೆ, ಒಲೆಯ ಹೊಗೆಯಲ್ಲಿ, ಹತ್ತೊಂಬತ್ತು ಜನರಿಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಕಡೆ ಒಂದು ಸಲವೂ ಹೋಗಿರಲಿಲ್ಲ. ಇಷ್ಟು ವರ್ಷಗಳ ಅಷ್ಟೂ ಪ್ರಯಾಣ ಮಾಡಿ ಅದನ್ನು ನೋಡದೆ ಬಂದದ್ದಕ್ಕೆ ಅವರಿಗೆ ನಾಚಿಕೆಯಾಯಿತು.

"ಬ್ಯಾರೆ ಖೋಲಿ ಮಾಡಬಿಡವಾ, ಆಕಿಗಿ" ಎಂದರು.

ಸುಜಾತಾ ತಿರುಗಿ ನೋಡಿದಳು. ಅವರ ಬಾಯಿಂದ ಆ ಶಬ್ದ ಬಂದಿತ್ತು.

"ನಡುವ ಗ್ವಾಡಿ ಬರ್ತದೇನು?" ಎಂದು ಅವರೇ ಮತ್ತೆ ಕೇಳಿದರು.

"ಗ್ವಾಡಿ ಇಲ್ರಿ. ಜಾಗ ಎಲ್ಲಾರದೂ ಒಂದೇ, ಯಾರಿಗಿ ಎಷ್ಟು ಬೇಕೋ ಅಷ್ಟು ತಗೋತಾರ. ಬಾಗಲಾ ಅಷ್ಟೇ ತಮ್ಮ ತಮ್ಮದು. ಇನ್ನ ಮುಂದ ಸಿಸ್ಟಂ ಎಷ್ಟು ಹಿಂದಕ್ಕ ಹೋದ್ರೂ ಈ ಖೋಲಿ ಇದ್ದಲ್ಲೇ ಇರ್ತದ."

"ಅಂದ್ರ ಹಗೇವು ಒಂದೇ?" ಊರಿನ ಮನೆಯ ಅಂಗಳದ ಕೆಳಗೆ ಹತ್ತೊಂಬತ್ತು ಜನರ ಜೋಳ ತುಂಬಿಡುವ ಹಗೇವು ಅವರ ಕಣ್ಣ ಮುಂದೆ ಬಂತು.

"ಒಂದೇ."

"ಒಲಿ?"

"ಒಲಿದು ನೀವೇ ನೋಡಿಕೊಳ್ರಿ, ಕಾಕಾ" ಎಂದಳು ಸುಜಾತಾ. ಖೋಲಿಗೆ ಏನು ಹೆಸರು ಎಂದು ಯಂತ್ರ ಕೇಳಿತು. ಸಾಯಬಣ್ಣನವರು ಒಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ, "ಜಯದೇವಿ" ಎಂದು ಒತ್ತಿದರು. ನಾಲ್ಕೇ ಅಕ್ಷರಕ್ಕೆ ಬೆರಳು ನೋಯಿತು. ನಲವತ್ತೆರಡು ಪುಟಕ್ಕೆ ಎಷ್ಟು ನೋಯಬಹುದೆಂದು ಆಗ ತಿಳಿಯಿತು.

ಜಯದೇವಿ ಆಟೋ ಇಳಿದಾಗ ಓಣಿ ತುಂಬ ದೀಪ. ಕಟ್ಟೆಗಳ ಮೇಲೆ, ಕಿಟಕಿಗಳಲ್ಲಿ, ಬೇವಿನ ಬುಡದಲ್ಲಿ. ಬಂಡೆಮ್ಮ ಫೋನನ್ನು ದೀಪಗಳ ಕಡೆ ಹಿಡಿದು "ನೋಡು, ಈಗರ ನಂಬ್ತಿಯಾ?" ಎನ್ನುತ್ತಿದ್ದರು. ಫೋನಿನೊಳಗೆ ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ, "ಶನಿವಾರ ಬರ್ತೀನಿ ಯವ್ವಾ" ಎನ್ನುತ್ತಿದ್ದಳು. ಒಂದು ಗಿಣಿ ಪಂಜರದ ಮೇಲೆ ಕೂತು ಮೆಣಸಿನಕಾಯಿ ಕಚ್ಚುತ್ತಿತ್ತು. ನಬಿಸಾಬ್ ಕೆಳಗೆ ನಿಂತು, "ಬೇಟೀ, ನಂದೇ ಅದು. ಬಾಲ ಸ್ವಲ್ಪ ಉದ್ದ ಆಗ್ಯದ ಅಷ್ಟೇ" ಎಂದರು. ಜಯದೇವಿ ಊರಿಂದ ತಂದ ಬಾಳೆಗೊನೆಯನ್ನು ಎದೆಗೆ ಅವಚಿಕೊಂಡು ಕನಸಿನಲ್ಲಿ ನಡೆದಂತೆ ಮನೆಯೊಳಗೆ ಬಂದರು. ಗೋಡೆಯ ಮೇಲೆ ಅಕ್ಟೋಬರ್ ಇತ್ತು, ಹನ್ನೊಂದರ ಸುತ್ತ ದುಂಡು ಇತ್ತು.

ಸಾಯಬಣ್ಣನವರು ಎಲ್ಲವನ್ನೂ ಹೇಳಿದರು. ಏಳನೆಯ ಸಾಲು ಎರಡು ಸಲ ಬರೆದದ್ದನ್ನೂ, ಹೆರಿಗೆಯ ಕಾಲಮನ್ನೂ ಬಿಡಲಿಲ್ಲ. ಜಯದೇವಿ ಗೊನೆ ಕೆಳಗಿಡದೆ ಕೇಳಿದರು.

"ಹಿಂದಕ್ಕ ಹೋಗೂದಿದ್ರ ಆ ದಿವಸಕ್ಕೇ ಹೋಗಬೇಕಿತ್ತೇನ್ರಿ?"

"ಬ್ಯಾರೆ ದಿವಸ ಇರಲಿಲ್ಲ, ಜಯಾ. ಅದರ ಹಿಂದಿಂದು ಹುಡಿಕಿದ್ನಿ. ಇಲ್ಲಂತ."

"ಸಿಕ್ಕಿದ್ರ ಏನು ಮಾಡ್ತಿದ್ರಿ?"

"ನಗ್ತಿರಲಿಲ್ಲ."

ಜಯದೇವಿ ಅವರ ಮುಖವನ್ನೇ ನೋಡಿದರು. ಇಪ್ಪತ್ತೆಂಟು ವರ್ಷದಲ್ಲಿ ಆ ಮುಖ ಹೀಗೆ ಪೂರ್ತಿಯಾಗಿ ಕಲಬುರಗಿಯಲ್ಲೇ ಇದ್ದದ್ದನ್ನು ಅವರು ನೋಡಿದ ನೆನಪಿರಲಿಲ್ಲ. "ನನಗ ಹಿಂದಕ್ಕ ಎಲ್ಲಿಗೂ ಹೋಗೂದು ಬ್ಯಾಡ್ರಿ. ನಾಳಿ ಐದು ಗಂಟೆಕ್ಕ ಹೋಗೂದದ. ಫೋಟೋ ಹಚ್ಚಬೇಕು, ಸರೀರಿ" ಎಂದು ಕುರ್ಚಿ ಎಳೆದುಕೊಂಡು ಕೂತರು. ಸಾಯಬಣ್ಣನವರು ಅಡುಗೆಮನೆಗೆ ಹೋಗಿ ಗ್ಯಾಸು ಹೊತ್ತಿಸಿ ಚಹಾಕ್ಕೆ ಇಟ್ಟರು. ಅದನ್ನು ಅವರು ಅಂದಿನಿಂದ ಒಲೆ ಎಂದೇ ಕರೆಯತೊಡಗಿದರು.

ಸೋಮವಾರ ನಾಲ್ಕೂ ಮುಕ್ಕಾಲಿಗೆ ಅರುಣಕುಮಾರರ ಮೇಜಿನ ಮೇಲೆ ಪ್ರಬಂಧ ಬಿತ್ತು. ಅವರು ಸಾಯಬಣ್ಣನವರನ್ನು ಗುರುತಿಸಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. "ಹೆರಿಗೆ ಆತೇನ್ರಿ?" ಎನ್ನುತ್ತ ಪುಟ ತಿರುಗಿಸಿದರು. ತೋಟ, ಗೊನೆ, ಸಂತೆ, ಹಣ್ಣು ಮಾರುವ ಹೆಂಗಸರು. ಕೊನೆಯ ಪುಟದಲ್ಲಿ ನಿಂತು ಗಟ್ಟಿಯಾಗಿ ಓದಿದರು.

"ಅಕ್ಟೋಬರ್ ಹನ್ನೊಂದರಂದು ಈ ಹೆಸರು ಓದಿ ನಕ್ಕ ನಮ್ಮ ಯಜಮಾನರಿಗೆ. ಅವರು ನಗದಿದ್ದರೆ ನಾನು ಹೆಸರು ಬರೆದಷ್ಟಕ್ಕೇ ಬಿಡುತ್ತಿದ್ದೆ." ಅದರ ಕೆಳಗೆ ನಿನ್ನೆ ಇಲ್ಲದ ಒಂದು ಸಾಲಿತ್ತು. ಅರುಣಕುಮಾರ ಕನ್ನಡಕ ಸರಿಮಾಡಿಕೊಂಡರು. "ಅದೇ ದಿನಕ್ಕೆ ವಾಪಸು ಹೋಗಿ, ಈ ಸಲ ನಗದೆ ಬಂದದ್ದಕ್ಕೂ."

ಅವರು ತಲೆಯೆತ್ತಿ ಇಬ್ಬರನ್ನೂ ನೋಡಿದರು. "ಇದು ಯಾವ ಕಾಲಮಿನ್ಯಾಗ ಬರ್ತದ್ರೀ?"

"ಯಾವುದ್ರಾಗೂ ಬರಂಗಿಲ್ರಿ. ಮುದ್ರಿ ಹೊಡೀರಿ, ಐದು ಆಗಾಕತ್ತದ" ಎಂದರು ಜಯದೇವಿ.

ಮುದ್ರೆ ಬಿತ್ತು. ನವೆಂಬರ್ ಮೂರು ಎಂದು ನೀಲಿಯಲ್ಲಿ ಮೂಡಿತು. ಜಯದೇವಿ ಪಕ್ಕಕ್ಕೆ ತಿರುಗಿ, ಅಭ್ಯಾಸಬಲದಿಂದ ಗಂಡನ ಭುಜ ಅಲ್ಲಾಡಿಸಲು ಕೈಯೆತ್ತಿದರು. ಅಲ್ಲಾಡಿಸುವ ಅಗತ್ಯ ಬೀಳಲಿಲ್ಲ. ಸಾಯಬಣ್ಣನವರು ಅಲ್ಲೇ ಇದ್ದರು.